ವಿಲನ್ ಮೇಲೇ ಜನಕ್ಕೆ ಪ್ರೀತಿ ಜಾಸ್ತಿ ಆಗಿದೆ, 15ನೇ ಕಂತು ಹೇಗೆ ಬರೆಯಲಿ?

ಗಂಜ್‌ರೋಡ್:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಹೊತ್ತು ಒಂದು ವೆಬ್‌ಕಾಮಿಕ್ ಬರೆಯುತ್ತೇನೆ, ಚಿತ್ರವೂ ನನ್ನದೇ. ಫೋನಿನಲ್ಲಿ ಮೇಲಿಂದ ಕೆಳಗೆ ಸರಿಸಿಕೊಂಡು ಓದುವ ಥರದ್ದು. ಇಲ್ಲಿವರೆಗೆ 14 ಕಂತು ಆಗಿವೆ. ನಿಮ್ಮಲ್ಲಿ ಕೆಲವರು ಓದಿದ್ದೀರಿ, ಓದದವರಿಗೆ ಕಥೆ ಹೇಳಿಬಿಡುತ್ತೇನೆ.

ಬ್ರಹ್ಮಪುರದ ಒಂದು ಓಣಿ. ಸೂಪರ್‌ಹೀರೋ, ವಿಲನ್ ಇಬ್ಬರೂ ಎದುರುಬದುರು ಮನೆಯಲ್ಲಿ ಬಾಡಿಗೆಗೆ ಇದ್ದಾರೆ. ಹೊಡೆದಾಟ ಕಡಿಮೆ. ನಲ್ಲಿ ನೀರು, ಬಾಡಿಗೆ, ಸಾಲ, ತಂಗಿಯ ಮದುವೆ, ಇಂಥವೇ ಜಾಸ್ತಿ. ಹೀರೋ ಮಲ್ಲಪ್ಪ ನಮ್ಮ ಕಾಳಿನ ಮಾರುಕಟ್ಟೆ ನೆಹರು ಗಂಜಿನಲ್ಲಿ ಹಮಾಲಿ ಮಾಡುತ್ತಾನೆ. ತುಂಬಿದ ಲಾರಿ ಎತ್ತುವ ತಾಕತ್ತು ಅವನಿಗಿದೆ, ಆದರೆ ಗಂಜಿನಲ್ಲಿ ಎಲ್ಲರ ಹಾಗೆ ಒಂದು ಸಲಕ್ಕೆ ಒಂದೇ ಚೀಲ ಹೊರುತ್ತಾನೆ. ಯಾಕಂದ್ರೆ ಅಲ್ಲಿ ಕೂಲಿ ಚೀಲದ ಲೆಕ್ಕದಲ್ಲಿ. ಇವನೊಬ್ಬನೇ ಲಾರಿ ಖಾಲಿ ಮಾಡಿಬಿಟ್ಟರೆ ಉಳಿದವರು ಏನು ಉಣ್ಣಬೇಕು?

ವಿಲನ್ ಗುರುನಾಥ, ಓಣಿಯವರ ಬಾಯಲ್ಲಿ ಗುರ್ಯಾ. ಕೂಲರ್ ರಿಪೇರಿ ಅಂಗಡಿಯಲ್ಲಿ ಕೆಲಸ. ಏನೇ ಮುಟ್ಟಲಿ, ಅದರ ಕಾವನ್ನೆಲ್ಲ ಎಳೆದುಕೊಳ್ಳುತ್ತಾನೆ. ರಾತ್ರಿ ಬಂಗಾರದ ಅಂಗಡಿಯ ಬೀಗ ಹಿಡಿದು ಕೂರುತ್ತಾನೆ, ಅದು ಬಿಳಿ ಬಿಳಿ ಆಗುತ್ತದೆ, ಒಂದು ಏಟು ಹಾಕಿದರೆ ಗಾಜಿನ ಹಾಗೆ ಪುಡಿ. ಹಗಲು ಮಾತ್ರ ಓಣಿಗೆಲ್ಲ ಬೇಕಾದವನು. ಮೇ ತಿಂಗಳು, 43 ಡಿಗ್ರಿ ಬಿಸಿಲು, ಹೆಂಗಸರೆಲ್ಲ ತಮ್ಮ ತಮ್ಮ ಮನೆಯ ಗಡಿಗೆ ತಂದು ಅವನ ಕಟ್ಟೆ ಮೇಲೆ ಸಾಲಾಗಿ ಇಡುತ್ತಾರೆ. ಅವನು ಹೋಗುತ್ತಾ ಬರುತ್ತಾ ಒಂದೊಂದಕ್ಕೆ ಕೈ ತಾಗಿಸುತ್ತಾನೆ. ಅವನ ಕೈಗುಣ ಹಾಗಿದೆ ಅಂತ ಎಲ್ಲರೂ ನಂಬಿದ್ದಾರೆ, ಯಾರೂ ಬೇರೆ ಏನೂ ಕೇಳುವುದಿಲ್ಲ.

ತೊಂದರೆ ಶುರುವಾಗಿದ್ದು 9ನೇ ಕಂತಿನಿಂದ. ಅದರಲ್ಲಿ ಅವನ ಅವ್ವ ರೊಟ್ಟಿ ಬಡಿಯುತ್ತಾ ಕೂತಿದ್ದಾಳೆ. ಹಂಚಿನ ಮೇಲೆ ಉಬ್ಬಿದ ರೊಟ್ಟಿ ತೆಗೆದು ಅವನ ತಾಟಿಗೆ ಹಾಕುತ್ತಾಳೆ, 'ಲಗೂನ ಉಣ್ಣೋ ಯಪ್ಪಾ, ಆರ್ತದ' ಅನ್ನುತ್ತಾಳೆ. ಅವನು ಮುಟ್ಟುತ್ತಾನೆ. ಉಬ್ಬಿದ್ದು ಇಳಿದು, ಕಟಕ ರೊಟ್ಟಿ ಹಾಗೆ ಸೆಟೆದು ಹೋಗುತ್ತದೆ. ತನ್ನ ಕೈಯಿಂದ ಒಂದು ಬಿಸಿ ರೊಟ್ಟಿ ಅವನು ಹುಟ್ಟಿದಾಗಿನಿಂದ ತಿಂದಿಲ್ಲ. ಅವ್ವ ಏನೂ ಮಾತಾಡುವುದಿಲ್ಲ. ಇನ್ನೊಂದು ರೊಟ್ಟಿ ತೆಗೆದು, ಮುರಿದು, ಪುಂಡಿ ಪಲ್ಯ ಹಚ್ಚಿ ತಾನೇ ಬಾಯಿಗೆ ತುತ್ತು ಇಡುತ್ತಾಳೆ. 28 ವರ್ಷದ ಮಗ ಬಾಯಿ ತೆರೆದುಕೊಂಡು ಕೂತಿದ್ದಾನೆ.

ಆ ಕಂತು ಬಂದ ಮೇಲೆ ಬರುವ ಕಾಮೆಂಟೆಲ್ಲ ಒಂದೇ: ಗುರ್ಯಾನ್ನ ಹಿಡಿಸಬೇಡಿ, ಗುರ್ಯಾಗೆ ಮದುವೆ ಮಾಡಿ. ಮಲ್ಲಪ್ಪನ ಸುದ್ದಿ ಯಾರಿಗೂ ಬೇಡ. 15ನೇ ಕಂತಿನಲ್ಲಿ ಮಲ್ಲಪ್ಪ ಅವನನ್ನು ಹಿಡಿಯಬೇಕು ಅಂತ ಮೊದಲೇ ಬರೆದಿಟ್ಟಿದ್ದೆ. ಮೂರು ವಾರದಿಂದ ಖಾಲಿ ಹಾಳೆ ಮುಂದೆ ಕೂತಿದ್ದೇನೆ, ನನಗೇ ಅವನ ಮೇಲೆ ಕೈ ಏಳುತ್ತಿಲ್ಲ. ಮನೆಯ ಕಥೆಯನ್ನು ಕೆಡಿಸದೆ ವಿಲನ್‌ನನ್ನು ವಿಲನ್ ಆಗಿಯೇ ಉಳಿಸಿಕೊಳ್ಳುವುದು ಹೇಗೆ?

ಇನ್ನೊಂದು ಪ್ರಶ್ನೆ. ಬಲೂನಿನಲ್ಲಿ ಮಾತು ನಮ್ಮ ಕಡೆಯ ಕನ್ನಡದಲ್ಲೇ ಇರಲಾ, ಅಥವಾ ಎಲ್ಲರಿಗೂ ತಿಳಿಯುವ ಹಾಗೆ ಪುಸ್ತಕದ ಕನ್ನಡದಲ್ಲಿ ಬರೆಯಲಾ? ಈಗ ಎರಡೂ ಕಲಸಿಹೋಗಿದೆ.

ಶಾಬಾದಿಕಲ್ಲು:

ಅಣ್ಣಾ, 14 ಕಂತನ್ನೂ ಓದಿದ್ದೇನೆ, ಕೆಲವನ್ನು ಎರಡೆರಡು ಸಲ. ಗುರ್ಯಾನ ಮೇಲೆ ಪ್ರೀತಿ ಜಾಸ್ತಿ ಆಗಿದ್ದು ನಿಮ್ಮ ತಪ್ಪಲ್ಲ. ಮಲ್ಲಪ್ಪನನ್ನು ನೀವು ಮರೆತಿದ್ದೀರಿ, ಅದು ತಪ್ಪು. 3ನೇ ಕಂತಿನಲ್ಲಿ ಅವನು ಹತ್ತು ಚೀಲದ ಮುಂದೆ ನಿಂತು, ಸುತ್ತ ನೋಡಿ, ಒಂದೇ ಚೀಲ ಬೆನ್ನಿಗೆ ಹಾಕಿಕೊಂಡ ಚಿತ್ರ ಇದೆಯಲ್ಲ, ಅದನ್ನು ನೋಡಿ ನಾನು ಅರ್ಧ ಗಂಟೆ ಸುಮ್ನೆ ಕೂತಿದ್ದೆ. ನಮ್ಮಪ್ಪ ಕೂಡ ಗಂಜಿನಲ್ಲಿ ದುಡಿದವರು. ಆದರೆ ಆಮೇಲೆ ಮಲ್ಲಪ್ಪನಿಗೆ ಆ ಕಷ್ಟ ಮತ್ತೆ ಬರಲೇ ಇಲ್ಲ. ಒಂದು ಸಲ ನಿರ್ಧಾರ ಮಾಡಿದ, ಮುಗೀತು. ದಿನಾ ಮಾಡಬೇಕಾದ ನಿರ್ಧಾರ ಅದು, ಅಲ್ವಾ?

ಜನವರಿ ತಿಂಗಳ ಗಂಜ್ ತೋರಿಸಿ. ಹೊಸ ತೊಗರಿ ಬರುವ ಕಾಲ. ಟ್ರ್ಯಾಕ್ಟರು, ಟಂಟಂ ಸಾಲುಗಟ್ಟಿ ನಿಂತಿರುತ್ತವೆ, ಅಡತಿ ಅಂಗಡಿ ಮುಂದೆ ರಾಶಿ, ಕಾಲಿಡಲು ಜಾಗ ಇರುವುದಿಲ್ಲ, ಮೂಗು ಬಾಯಲ್ಲೆಲ್ಲ ಹೊಟ್ಟಿನ ಧೂಳು. ಜೊತೆಯವನೊಬ್ಬ ಮುದುಕ ಇದ್ದಾನೆ ಅನ್ನಿ, ನಡ ಹಿಡಿದಿದೆ. ಮನೆಗೆ ಹೋಗು ಅಂದರೆ ಅವತ್ತಿನ ಕೂಲಿ ಇಲ್ಲ. ಮಲ್ಲಪ್ಪ ಅವನ ಚೀಲದ ಕೆಳಗೆ ಒಂದು ಬೆರಳು ಕೊಟ್ಟುಕೊಂಡು ಪಕ್ಕದಲ್ಲಿ ನಡೆಯುತ್ತಾನೆ. ಮುದುಕನಿಗೆ ಇವತ್ತು ಚೀಲ ಹಗುರ ಅನಿಸುತ್ತದೆ, ತನ್ನ ಮೈಯಲ್ಲೇ ಇನ್ನೂ ಕಸುವಿದೆ ಅಂದುಕೊಂಡು ಮರುದಿನ ಇನ್ನೂ ಜಾಸ್ತಿ ಹೊರಲು ಹೋಗುತ್ತಾನೆ, ಅವತ್ತು ಮಲ್ಲಪ್ಪ ರಜೆ. ಇಂಥದ್ದು ಒಂದು ಬಂದರೆ ಓದುವವರು ಮಲ್ಲಪ್ಪನ ಕಡೆಗೂ ತಿರುಗುತ್ತಾರೆ.

ಇನ್ನೊಂದು ಮಾತು, ಬೇಜಾರಾಗಬೇಡಿ. 12ನೇ ಕಂತಿನಲ್ಲಿ ಇಬ್ಬರೂ ಕೋಟೆಯೊಳಗಿನ ಜಾಮಿ ಮಸೀದಿಯ ಅಂಗಳದಲ್ಲಿ ಮಳೆಯಲ್ಲಿ ತೊಯ್ಯುತ್ತಾ ನಿಂತು ಮಾತಾಡುತ್ತಾರೆ. ಆ ಮಸೀದಿಗೆ ಅಂಗಳವೇ ಇಲ್ಲ. 1367ರ ಕಟ್ಟಡ, ಪೂರ್ತಿ ಚಾವಣಿ ಇದೆ, ಮೇಲೆ ಸಾಲು ಸಾಲು ಗುಮ್ಮಟ, ಅದೇ ಅದರ ವಿಶೇಷ. ಮಿನಾರೂ ಇಲ್ಲ, ನೀವು ಎರಡು ಬರೆದಿದ್ದೀರಿ. ಒಂದು ಭಾನುವಾರ ಹೋಗಿ ಒಳಗೆ ನಿಂತು ನೋಡಿ ಬನ್ನಿ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು, ನೆರಳು ಒಂದರ ಮೇಲೊಂದು ಬಿದ್ದಿರುತ್ತದೆ. ಹೊರಗೆ ಮಳೆ, ಒಳಗೆ ಇವರಿಬ್ಬರು ಒಂದೊಂದು ಕಮಾನಿನಲ್ಲಿ. ನೀವು ಬರೆದದ್ದಕ್ಕಿಂತ ಅದೇ ಚೆನ್ನಾಗಿ ಬರುತ್ತದೆ.

ಕೂಲರ್‌ಪ್ಯಾಡ್:

ನಾನು ಡಿಪ್ಲೊಮಾ ಹುಡುಗರಿಗೆ ಫ್ರಿಜ್, ಎಸಿ ಪಾಠ ಮಾಡುತ್ತೇನೆ. ಆದ್ದರಿಂದ ನನ್ನ ಕಣ್ಣು ಬೇರೆ ಕಡೆ ಹೋಯಿತು. ಗುರ್ಯಾ ಎಳೆದುಕೊಂಡ ಕಾವು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ ಚಿಕ್ಕದು ಅನಿಸಬಹುದು, ಆದರೆ ನಿಮ್ಮ ಕಥೆಯ ಬೀಗದ ಕೈ ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ತಂಪು ಅನ್ನುವುದು ಎಲ್ಲಿಂದಲೋ ತಂದು ಹಾಕುವ ವಸ್ತುವಲ್ಲ. ಕಾವನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕುವುದು ಅಷ್ಟೇ. ಫ್ರಿಜ್ಜಿನ ಹಿಂದೆ ಕೈ ಇಟ್ಟು ನೋಡಿ, ಬಿಸಿ. ಎಸಿ ಇರುವ ಮನೆಯ ಹೊರಗೆ ಆ ಡಬ್ಬಿ ಮುಂದೆ ನಿಂತು ನೋಡಿ, ಮುಖಕ್ಕೆ ಕೆಂಡದ ಗಾಳಿ. ಗಡಿಗೆಯಲ್ಲೂ ಅಷ್ಟೇ, ಮೈಯೆಲ್ಲ ಜಿನುಗಿದ ನೀರು ಆವಿಯಾಗುವಾಗ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಕಡೆ ಒಣ ಹವೆ, ಅದಕ್ಕೇ ಗಡಿಗೆಯೂ ಕೂಲರೂ ಚೆನ್ನಾಗಿ ಕೆಲಸ ಮಾಡುತ್ತವೆ, ಮಂಗಳೂರಿನ ಸೆಕೆಯಲ್ಲಿ ಕೂಲರ್ ಹಾಕಿದರೆ ಮೈ ಅಂಟುತ್ತದೆ ಹೊರತು ತಂಪಾಗುವುದಿಲ್ಲ.

ಲೆಕ್ಕ ಹಾಕೋಣ. ಅವನ ಕಟ್ಟೆ ಮೇಲೆ 20 ಗಡಿಗೆ, ಒಂದೊಂದರಲ್ಲಿ 10 ಲೀಟರ್ ನೀರು. 40 ಡಿಗ್ರಿಯಿಂದ 20ಕ್ಕೆ ಇಳಿಸಿದ. ಅಷ್ಟು ಕಾವಿನಿಂದ 30 ಡಿಗ್ರಿಯ 57 ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ದೊಡ್ಡ ಹಂಡೆ ಒಂದು ತುಂಬ ಕುದಿ ನೀರು, ದಿನಾ. ಅದು ಅವನ ಮೈಯಲ್ಲಿ ಉಳಿದಿದ್ದರೆ ಅವನು ಬದುಕುತ್ತಿರಲಿಲ್ಲ. ಅಂದಮೇಲೆ ಅದು ಎಲ್ಲೋ ಬೀಳುತ್ತಿದೆ.

ಎಲ್ಲಿ ಬೀಳುತ್ತಿದೆ ಅಂತ ನೀವೇ ಹೇಳಿ. ಪಕ್ಕದ ಓಣಿಯಲ್ಲಿ ಅಂತ ಇಟ್ಟುಕೊಳ್ಳಿ. ಅಲ್ಲಿ ಪತ್ರಾಸ್ ಮನೆಗಳು. ಮೊದಲೇ ತಗಡು ಕಾದು ಒಳಗೆ ಕೂರಲು ಆಗುವುದಿಲ್ಲ, ಅದರ ಮೇಲೆ ಈ ಓಣಿಯ 20 ಗಡಿಗೆಯ ಕಾವು. ಅಲ್ಲಿ ಒಂದು ಕೂಸು ರಾತ್ರಿಯಿಡೀ ಅಳುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ.

ಇನ್ನೊಂದು ಸಣ್ಣ ತಿದ್ದುಪಡಿ. ಕಬ್ಬಿಣದ ಬೀಗ ತುಂಬಾ ತಣ್ಣಗಾದರೆ ಪೆಡಸಾಗುತ್ತದೆ, ಏಟಿಗೆ ಒಡೆಯುತ್ತದೆ, ಅದು ಸರಿ. ಆದರೆ ನೀವು 6ನೇ ಕಂತಿನಲ್ಲಿ ಹಳದಿ ಬಣ್ಣದ ಬೀಗ ಬರೆದಿದ್ದೀರಿ. ಹಿತ್ತಾಳೆ ಎಷ್ಟು ತಣ್ಣಗಾದರೂ ಹಾಗೆ ಪುಡಿಯಾಗುವುದಿಲ್ಲ. ಬಣ್ಣ ಬದಲಿಸಿ, ಇಲ್ಲವಾದರೆ ಒಂದು ಕಂತಿನಲ್ಲಿ ಜಾಣ ಅಂಗಡಿಯವನೊಬ್ಬ ಹಿತ್ತಾಳೆ ಬೀಗ ಹಾಕಿಕೊಂಡು ಹೋಗಲಿ.

ಬಿದರಿಕಪ್ಪು:

ನಾನು ಬೀದರ್‌ನವಳು. ಕೂಲರ್‌ಪ್ಯಾಡ್ ಸರ್ ಹೇಳಿದ್ದು ಕೇಳಿ ಮೈ ಜುಂ ಅಂತು, ಆದರೂ ನನಗೆ ಒಂದು ಭಯ ಇದೆ. ಜನ ಪ್ರೀತಿಸಿದ ಕೂಡಲೇ ಅವನ ತಲೆ ಮೇಲೆ ಒಂದು ಕೂಸಿನ ಸಂಕಟ ತಂದು ಹಾಕಿದರೆ, ಅದು ಓದುವವರಿಗೆ ಕೊಟ್ಟ ಶಿಕ್ಷೆ ಆಗುತ್ತದೆ. ನೋಡಿ, ನೀವು ಇಷ್ಟಪಟ್ಟವನು ಎಂಥವನು ಅಂತ ಹೀಯಾಳಿಸಿದ ಹಾಗೆ. ನಾನು ಆ ರೊಟ್ಟಿ ಕಂತನ್ನು ನಮ್ಮ ಆಯಿಗೆ ಓದಿ ಹೇಳಿದ್ದೇನೆ. ಅವಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಕಿಗಿ ಮೊದಲಿಂದೂ ಗೊತ್ತದ' ಅಂದಳು. ಯಾರಿಗೆ ಆಯಿ ಅಂದೆ. ಅವನ ಅವ್ವಗೆ ಅಂದಳು. ಏನು ಗೊತ್ತಿದೆ ಅಂತ ಮಾತ್ರ ಹೇಳಲಿಲ್ಲ.

ನನಗೆ ಅನಿಸುವುದು, ಪಕ್ಕದ ಓಣಿಯ ಸುದ್ದಿಯನ್ನು ಮಲ್ಲಪ್ಪ ತರಬಾರದು. ಅವ್ವ ತರಲಿ. ಆಕೆ ಅಲ್ಲಿಗೆ ಯಾವುದೋ ಕೆಲಸಕ್ಕೆ ಹೋಗುತ್ತಾಳೆ, ಗಿರಣಿಗೆ ಹಿಟ್ಟು ಬೀಸಿಸಲು ಹೋಗಲಿ, ಆ ಮನೆಯ ಗೋಡೆಗೆ ಕೈ ಇಟ್ಟ ಕೂಡಲೇ ಗೊತ್ತಾಗುತ್ತದೆ. ಯಾಕಂದ್ರೆ ಅದು ಅವಳ ಒಲೆಯ ಕಾವು, ಅವಳ ರೊಟ್ಟಿಯಿಂದ ಹೋದ ಕಾವು. ದಿನಾ ಹಂಚಿನ ಮುಂದೆ ಕೂರುವವಳಿಗೆ ತಿಳಿಯದೇ ಇರುತ್ತದಾ?

ಭಾಷೆ ಬಗ್ಗೆ ಕೇಳಿದ್ದೀರಿ. ಬಲೂನಿನಲ್ಲಿ ನಮ್ಮ ಮಾತೇ ಇರಲಿ, ದಯವಿಟ್ಟು. 'ಬೇಗ ತಿನ್ನು ಮಗನೇ, ತಣ್ಣಗಾಗುತ್ತದೆ' ಅಂತ ಬರೆದಿದ್ದರೆ ನಮ್ಮ ಆಯಿ ಅರ್ಧಕ್ಕೇ ಎದ್ದು ಹೋಗುತ್ತಿದ್ದಳು. ಆದರೆ ಒಂದು ಎಚ್ಚರ. ನಿಮ್ಮ ಕಲಬುರಗಿಯವರು 'ಮಾಡ್ಲಾಕತ್ತೀ' ಅಂದರೆ ನಮ್ಮ ಬೀದರ್ ಕಡೆ 'ಮಾಡ್ಲತ್ತಿ' ಅನ್ನುತ್ತಾರೆ. ಮಲ್ಲಪ್ಪನ ಹೆಂಡತಿ ಹುಮನಾಬಾದಿನವಳು ಅಂತ ನೀವೇ ಬರೆದಿದ್ದೀರಿ, ಹಾಗಿದ್ದರೆ ಅವಳ ಮಾತು ಗಂಡನ ಮಾತಿಗಿಂತ ಸ್ವಲ್ಪ ಬೇರೆ ಇರಬೇಕು. ನಿರೂಪಣೆಯ ಪೆಟ್ಟಿಗೆಯಲ್ಲಿ ಬರುವ ಮಾತು ಮಾತ್ರ ಎಲ್ಲರ ಕನ್ನಡದಲ್ಲಿರಲಿ. ಆಗ ಮೈಸೂರಿನವರಿಗೂ ಕಥೆ ಹಿಡಿಯುತ್ತದೆ.

ಗಂಜ್‌ರೋಡ್:

ಮೊದಲು ಶಾಬಾದಿಕಲ್ಲು ಅವರಿಗೆ: ಮಸೀದಿ ವಿಷಯದಲ್ಲಿ ನನ್ನದೇ ತಪ್ಪು. ಚಿಕ್ಕವನಿದ್ದಾಗ ಹೋಗಿದ್ದು, ಬೇರೆ ಯಾವುದೋ ಮಸೀದಿಯ ನೆನಪು ಕಲಸಿಹೋಗಿದೆ. ಆ ಪುಟಗಳನ್ನು ಮತ್ತೆ ಬರೆಯುತ್ತೇನೆ. ಬೆರಳಿನ ಪ್ರಸಂಗ ಕೇಳಿ ನನಗೆ ಅಳುವೇ ಬಂತು, ಅದನ್ನು ಬರೆಯಲು ನಿಮ್ಮ ಒಪ್ಪಿಗೆ ಬೇಕು.

ಕೂಲರ್‌ಪ್ಯಾಡ್ ಸರ್, 57 ಲೀಟರ್ ಲೆಕ್ಕ ನಿನ್ನೆ ರಾತ್ರಿ ನಿದ್ದೆ ಕೆಡಿಸಿತು. ಒಂದು ಅನುಮಾನ ಉಳಿದಿದೆ. ಅವನಿಗೆ ಗೊತ್ತಿಲ್ಲದೆ ಅನ್ಯಾಯ ಆಗುತ್ತಿದ್ದರೆ ಅವನು ವಿಲನ್ ಹೇಗೆ ಆಗುತ್ತಾನೆ? ಪಾಪದ ಮನುಷ್ಯ ಅಷ್ಟೇ ಅಲ್ವಾ?

ಕೂಲರ್‌ಪ್ಯಾಡ್:

ಗೊತ್ತಿಲ್ಲದಿರುವ ತನಕ ಪಾಪದವನೇ. ಗೊತ್ತಾದ ಮರುದಿನ ಬೆಳಗ್ಗೆ ಕಟ್ಟೆ ಮೇಲೆ ಮತ್ತೆ 20 ಗಡಿಗೆ ಇರುತ್ತವೆ. ತನ್ನ ಓಣಿಯವರು, ದಿನಾ ಮುಖ ನೋಡುವವರು. ಆ ಕೂಸಿನ ಮುಖ ಅವನು ನೋಡಿಯೇ ಇಲ್ಲ. ಅವತ್ತು ಅವನು ಕೈ ತಾಗಿಸುತ್ತಾನಾ ಇಲ್ಲವಾ, ಅಲ್ಲಿ ಬರೆಯಿರಿ ನಿಮ್ಮ ವಿಲನ್‌ನನ್ನು. ಬಂಗಾರದ ಅಂಗಡಿ ನನ್ನನ್ನು ಕೇಳಿದರೆ ಬೇಕಾಗಿಯೇ ಇಲ್ಲ.

ಸ್ಪೈಡರ್‌ಮ್ಯಾನ್ 1962ರಲ್ಲಿ ಮೊದಲ ಸಲ ಬಂದಾಗಿನ ಕಥೆಯೂ ಇಂಥದ್ದೇ. ಹುಡುಗನಿಗೆ ಶಕ್ತಿ ಸಿಕ್ಕಿದೆ, ಅದರಿಂದ ನಾಲ್ಕು ಕಾಸು ಮಾಡುತ್ತಿದ್ದಾನೆ, ಎದುರಿಗೆ ಕಳ್ಳ ಓಡಿ ಹೋಗುತ್ತಾನೆ, ಹಿಡಿಯುವುದು ನನ್ನ ಕೆಲಸವಲ್ಲ ಅಂತ ಬಿಟ್ಟುಬಿಡುತ್ತಾನೆ. ಅದೇ ಕಳ್ಳ ಆಮೇಲೆ ಅವನ ದೊಡ್ಡಪ್ಪನನ್ನು ಕೊಂದ. ಅಲ್ಲಿ ಪೆಟ್ಟು ತನ್ನ ಮನೆಗೇ ಬಂತು, ಹುಡುಗ ತಿದ್ದಿಕೊಂಡ. ಗುರ್ಯಾನ ಮನೆಗೆ ಪೆಟ್ಟು ಬರುವುದೇ ಇಲ್ಲ, ಪಕ್ಕದ ಓಣಿಯಲ್ಲೇ ಬೀಳುತ್ತದೆ. ಅದಕ್ಕೇ ಅವನದು ಹೆಚ್ಚು ಕಷ್ಟದ ಕಥೆ.

ಇನ್ನೊಂದು ನೆನಪಾಯಿತು. ನಮ್ಮ ವಿಭಾಗದಲ್ಲಿ ಬೇಸಿಗೆ ಬಂದರೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುತ್ತಾರಲ್ಲ. ಆಮೇಲೆ ರಸ್ತೆ ಮೇಲೆ ನಾಯಿ ಕೂಡ ಇರುವುದಿಲ್ಲ. ಮಲ್ಲಪ್ಪ, ಗುರ್ಯಾ ಎದುರಾಗುವುದು ಆ ಹೊತ್ತಿನಲ್ಲಿ ಇರಲಿ. ರಾತ್ರಿಯ ಕತ್ತಲು ಎಲ್ಲ ಕಾಮಿಕ್ಕಿನಲ್ಲೂ ಇದೆ, ಮೇ ತಿಂಗಳ ಮಧ್ಯಾಹ್ನ 3 ಗಂಟೆಯ ಖಾಲಿ ರಸ್ತೆ ನಮ್ಮದು.

ಬಿದರಿಕಪ್ಪು:

ಸರಿ, ನಾನು ಒಪ್ಪಿದೆ. ಗೊತ್ತಾದ ಮರುದಿನ ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಆದರೂ ಅವ್ವನೇ ಸುದ್ದಿ ತರಬೇಕು, ಅದನ್ನು ಬಿಡಬೇಡಿ. ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ ಹಬ್ಬದ ಕಂತು ಕೂಡ ಮಾಡಿ. ಮಲ್ಲಪ್ಪನ ಹೊಲಕ್ಕೆ ಎರಡೂ ಮನೆಯವರು ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಣ್ಣಲು ಕೂರಲಿ. ಚಳಿಗಾಲ, ಗುರ್ಯಾನ ಹತ್ತಿರ ಯಾರೂ ಕೂರುವುದಿಲ್ಲ. ಮೇ ತಿಂಗಳಲ್ಲಿ ಸುತ್ತ ನಿಂತವರೇ ಡಿಸೆಂಬರಿನಲ್ಲಿ ದೂರ ದೂರ.

ಒತ್ತಕ್ಷರ:

ಕಥೆ ಬಗ್ಗೆ ಎಲ್ಲರೂ ಹೇಳಿಯಾಗಿದೆ, ನಾನು ಅಕ್ಷರದ ಬಗ್ಗೆ ಮಾತಾಡುತ್ತೇನೆ. ಯಾದಗಿರಿಯಲ್ಲಿ ಡಿಟಿಪಿ ಅಂಗಡಿ ನನ್ನದು.

ನಿಮ್ಮ ಬಲೂನುಗಳಲ್ಲಿ ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆ. 'ಪುಂಡಿ ಪಲ್ಯ' ಇರುವ ಬಲೂನು ನೋಡಿ, ಯ ಒತ್ತು ಕೆಳಗಿನ ಸಾಲಿನಲ್ಲಿ ಮುಳುಗಿಹೋಗಿದೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ, ಜಾಸ್ತಿ ಮಾಡಿ. ಕೆಲವು ಕಡೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದಿದೆ. ಫೋಟೋಶಾಪ್ ಬಳಸುತ್ತಿದ್ದರೆ ಅಕ್ಷರದ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಅಂತ ಇರುವುದನ್ನು ಆರಿಸಿ, ಸರಿಹೋಗುತ್ತದೆ. ಇಂಕ್‌ಸ್ಕೇಪ್ ದುಡ್ಡಿಲ್ಲದೆ ಸಿಗುತ್ತದೆ, ಅದರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದನ್ನು ಹಾಗೇ ತಂದು ಅಂಟಿಸಬೇಡಿ, ಯೂನಿಕೋಡಿಗೆ ಬದಲಿಸಿಕೊಳ್ಳಿ. ಮಾತಿಗೆ ಬಾಲೂ ತಮ್ಮ ಫಾಂಟ್ ಹಾಕಿ ನೋಡಿ, ಅದಕ್ಕೂ ದುಡ್ಡಿಲ್ಲ, ದಪ್ಪಗೆ ದುಂಡಗೆ ಇದೆ, ಓಣಿಯ ಮಾತಿಗೆ ಹೊಂದುತ್ತದೆ.

ಇನ್ನು ನಮ್ಮ ಮಾತಿನ ಶಬ್ದ ಉದ್ದ. 'ಮಾಡ್ಲಾಕತ್ತಾನಂತ' ಒಂದೇ ಶಬ್ದ, ಬಲೂನಿನ ಅರ್ಧ ತಿಂದುಹಾಕುತ್ತದೆ. 800 ಪಿಕ್ಸೆಲ್ ಅಗಲದಲ್ಲಿ ನೀವು ಎರಡು ಬಲೂನು ಅಕ್ಕಪಕ್ಕ ಇಟ್ಟಿದ್ದೀರಿ, ಫೋನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ. ಒಂದರ ಕೆಳಗೆ ಒಂದು ಇಡಿ. ಕೆಳಗೆ ಎಷ್ಟು ಉದ್ದ ಬೇಕಾದರೂ ಜಾಗ ಇದೆಯಲ್ಲ, ಯಾಕೆ ಉಳಿಸುತ್ತೀರಿ?

ಶಾಬಾದಿಕಲ್ಲು:

ಬೆರಳಿನ ಪ್ರಸಂಗ ನಿಮ್ಮದೇ ಅಣ್ಣಾ, ಧಾರಾಳ ಬರೆಯಿರಿ. ಚೀಲದ ಬಾಯಿ ಹೊಲಿದ ಸುತಳಿ ಮಾತ್ರ ಸರಿಯಾಗಿ ತೋರಿಸಿ, ಹೋದ ಸಲ ಗಂಟು ಹಾಕಿದ ಹಾಗೆ ಬರೆದಿದ್ದೀರಿ.

ಗಂಜ್‌ರೋಡ್:

ನಿನ್ನೆ ರಾತ್ರಿ 15ನೇ ಕಂತು ಶುರು ಮಾಡಿದೆ. ಮಲ್ಲಪ್ಪ ಹಿಡಿಯುವುದು ಈ ಕಂತಿನಲ್ಲಿ ಇಲ್ಲ. 'ಕೆಳಗೆ ಎಷ್ಟು ಉದ್ದ ಬೇಕಾದರೂ ಜಾಗ ಇದೆ' ಅಂತ ಒತ್ತಕ್ಷರ ಅವರು ಅಂದ ಮಾತಿನಿಂದಲೇ ದಾರಿ ಸಿಕ್ಕಿತು.

ಮೊದಲ ಚಿತ್ರದಲ್ಲಿ ಕಟ್ಟೆ, 20 ಗಡಿಗೆ, ಗುರ್ಯಾನ ಕೈ. ಅಲ್ಲಿಂದ ಓದುವವರು ಕೆಳಗೆ ಸರಿಸುತ್ತಾ ಹೋದರೆ ಕಾವು ಒಂದು ಕೆಂಪು ಗೆರೆಯಾಗಿ ಅವನ ಕಾಲಿನಿಂದ ಇಳಿಯುತ್ತದೆ. ಕಟ್ಟೆಯ ಶಾಬಾದಿ ಪರಸಿ, ಅದರ ಕೆಳಗೆ ಮಣ್ಣು, ಗಟಾರ, ನಲ್ಲಿಯ ಪೈಪು, ಮಧ್ಯೆ ಒಂದೂ ಮಾತಿಲ್ಲ. ಬಹಳ ಹೊತ್ತು ಸರಿಸಬೇಕು, ಬೆರಳು ನೋಯುವಷ್ಟು. ಆಮೇಲೆ ಒಂದು ಗೋಡೆ ಬರುತ್ತದೆ, ಮೇಲೆ ತಗಡು. ಗೋಡೆಯ ಈಚೆ ಗುರ್ಯಾನ ಅವ್ವ ನಿಂತಿದ್ದಾಳೆ, ತಲೆ ಮೇಲೆ ಗಿರಣಿಯಿಂದ ತಂದ ಹಿಟ್ಟಿನ ಡಬ್ಬಿ. ಒಂದು ಕೈ ಡಬ್ಬಿಗೆ, ಇನ್ನೊಂದು ಗೋಡೆಗೆ.

ಆಕೆಯ ಮುಖ ಬರೆದು ಮುಗಿಸಿದ್ದೇನೆ. ಬಿದರಿಕಪ್ಪು ಅಕ್ಕಾ, ಹಾಕುವ ಮೊದಲು ನಿಮಗೆ ಕಳಿಸುತ್ತೇನೆ. ಆ ಬಲೂನಿನಲ್ಲಿ ಆಕೆ ಏನು ಅನ್ನಬೇಕು ಅಂತ ಆಯಿಯನ್ನು ಕೇಳಿ ಹೇಳಿ, ಅಲ್ಲಿವರೆಗೆ ಅದನ್ನು ಖಾಲಿ ಬಿಟ್ಟಿರುತ್ತೇನೆ.